ನಾ ಹಂಗ ಅನ್ನಲಿಲ್ಲ

೧೯೯೩ರಲ್ಲಿ, ಏಳನೇ ತರಗತಿಯ ಅರೆವಾರ್ಷಿಕ ಪರೀಕ್ಷೆಗೆ ಮೊದಲೇ, ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಆದೋನಿಯ ಹತ್ತಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ಅಲ್ಲಿ ನನ್ನ ಕೆಲಸ ಚೀಲ ಹೊರುವುದಲ್ಲ, ಮಾತು ಹೊರುವುದು. ಕೌತಾಳಂ ಕಡೆಯ ರೈತನಿಗೆ ಕನ್ನಡ, ಖರೀದಿದಾರನಿಗೆ ತೆಲುಗು, ಹಮಾಲರ ಮೇಸ್ತ್ರಿಗೆ ಉರ್ದು. ಮೂವರ ನಡುವೆ ನಾನು. ರೈತ "ಈ ರೇಟಿಗೆ ನಿಮ್ಮಪ್ಪನ ಹೊಲದಾಗ ಬೆಳ್ಕೊ ಹೋಗು" ಎಂದರೆ, ನಾನು ತೆಲುಗಿನಲ್ಲಿ "ಇನ್ನೊಂದು ಸ್ವಲ್ಪ ನೋಡಬೇಕಂತೆ" ಎನ್ನುತ್ತಿದ್ದೆ. ಖರೀದಿದಾರ "ಇದೇನು ಹತ್ತಿಯೋ, ಕಸವೋ" ಎಂದರೆ, ಕನ್ನಡದಲ್ಲಿ "ತೇವ ಒಂಚೂರು ಜಾಸ್ತಿ ಐತಂತ್ರಿ ಗೌಡ್ರ" ಎನ್ನುತ್ತಿದ್ದೆ. ಇಪ್ಪತ್ತು ವರ್ಷ ಹೀಗೆ ನಡೆಯಿತು. ನಾನು ನಡುವೆ ನಿಂತ ಒಂದು ವ್ಯವಹಾರವೂ ಕೊರಳಪಟ್ಟಿ ಹಿಡಿಯುವವರೆಗೆ ಹೋಗಲಿಲ್ಲ. ಅದು ನನ್ನ ಹೆಮ್ಮೆ.

ಅದೇ ಹೆಮ್ಮೆಯನ್ನು ಹೆಗಲಿಗೆ ಹಾಕಿಕೊಂಡು, ಅದೇ ಊರಿನ ವಿಶೇಷ ಅಗತ್ಯದ ಮಕ್ಕಳ ಕೇಂದ್ರವೊಂದಕ್ಕೆ ಸಹಾಯಕನಾಗಿ ಸೇರಿದೆ. ಬಾಗಿಲು ತೆಗೆಯುವುದು, ಚಾಪೆ ಹಾಸುವುದು, ಮಕ್ಕಳನ್ನು ಬಸ್ಸಿನಿಂದ ಇಳಿಸಿಕೊಂಡು ಬರುವುದು. ತಿಂಗಳಿಗೆ ಎರಡು ಶನಿವಾರ ಕರ್ನೂಲಿನಿಂದ ಮಾತಿನ ತಜ್ಞೆಯೊಬ್ಬರು ಬರುತ್ತಿದ್ದರು. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ಅವರಿಗೆ ತೆಲುಗು ಮಾತ್ರ ಗೊತ್ತು. ಹಳ್ಳಿಯಿಂದ ಬರುವ ಮಕ್ಕಳಲ್ಲಿ ಬಹಳ ಜನ ಶಾಲೆಯಲ್ಲಿ ತೆಲುಗು ಓದಿದರೂ ಮನೆಯಲ್ಲಿ ಆಡುವುದು ಕನ್ನಡ. ಮಗುವನ್ನು ಅದರ ಮನೆಮಾತಿನಲ್ಲೇ ಪರೀಕ್ಷಿಸಬೇಕು ಎಂಬುದು ಮೇಡಂ ನಿಯಮ. ಹಾಗಾಗಿ ಚಾಪೆ ಹಾಸುವವನನ್ನು ಕರೆದು ಮೇಜಿನ ಪಕ್ಕ ಕೂರಿಸಿದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಅವತ್ತು ಇಸ್ತ್ರಿ ಅಂಗಿ ಹಾಕಿಕೊಂಡು ಬರಲಿಲ್ಲವಲ್ಲ ಎಂದು ದಿನವಿಡೀ ಕೊರಗಿದೆ.

ಹೋದ ವರ್ಷ ಶ್ರಾವಣದಲ್ಲಿ ಕೌತಾಳಂ ಕಡೆಯ ಒಂದು ಹಳ್ಳಿಯಿಂದ ತಾಯಿ ಮಗಳು ಬಂದರು. ಮಗಳಿಗೆ ಹದಿನಾಲ್ಕು, ಒಂಬತ್ತನೇ ತರಗತಿ. ತಾಯಿ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೂಲಿ. ಸೆರಗಿನ ಮೇಲೆ ಹತ್ತಿಯ ಎಳೆ ಅಂಟಿಕೊಂಡೇ ಇತ್ತು.

"ಈಕಿ ಮಾತಾಡಂಗಿಲ್ಲೇನು?" ಎಂದು ಕೇಳಿದೆ.

"ಮಾತಾಡ್ತಾಳ ಯಣ್ಣಾ. ಮಾತಾಡಿದ್ದಕ್ಕೇ ಬಂದೀವಿ."

ನಡೆದದ್ದು ಇಷ್ಟು. ಶಾಲೆಗೆ ಅಧಿಕಾರಿಗಳು ತನಿಖೆಗೆ ಬಂದಿದ್ದರಂತೆ. ಹೆಡ್‌ಮಾಸ್ಟರು ತರಗತಿಗೆ ಒಂದು ಪ್ರಶ್ನೆ ಕೇಳಿದರು. ಎಲ್ಲರೂ ಕೈ ಎತ್ತಿದರು. ಇವಳು ಎದ್ದು ನಿಂತು, "ಸಾರ್, ಇದನ್ನ ನಿನ್ನೇನ ಹೇಳಿಕೊಟ್ಟು, ಕೇಳಿದಾಗ ಹೊಸದಾಗಿ ಕೇಳಿದಂಗ ಇರ್ರಿ ಅಂದಿದ್ರಲ್ಲ" ಅಂದಳು. ಅಲ್ಲಿಂದ ಹೆಡ್‌ಮಾಸ್ಟರು ಒಂದೇ ಪಟ್ಟು: ಇವಳಿಗೆ ಪೊಗರು. ಜೊತೆಯ ಹುಡುಗಿಯರೂ ಇವಳ ಪಕ್ಕ ಕೂರುವುದಿಲ್ಲ, ಏಕೆಂದರೆ ಯಾರಿಗೆ ಏನು ಅನ್ನಬಾರದೋ ಅದನ್ನೇ ಅಂದುಬಿಡುತ್ತಾಳೆ. ದಸರಾ ರಜೆಗೆ ಮೊದಲು, ಇದು ಪೊಗರಲ್ಲ, ತೊಂದರೆ ಎಂದು ತಿಳಿದವರ ಕಾಗದ ತಂದರೆ ಸರಿ. ಇಲ್ಲದಿದ್ದರೆ ರಜೆ ಮುಗಿದ ಮೇಲೆ ಶಾಲೆಗೆ ಕಳಿಸಬೇಡಿ ಎಂದು ಹೆಡ್‌ಮಾಸ್ಟರು ಹೇಳಿದ್ದರು. ಮನೆಯಲ್ಲಿ ದೊಡ್ಡಪ್ಪ ಆಗಲೇ ಮಿಲ್ಲಿನಲ್ಲಿ ಅವಳಿಗೂ ಒಂದು ಜಾಗ ಕೇಳಿಟ್ಟಿದ್ದ.

"ಕಾಗದ ಸಿಗ್ತೈತಿ ಬಿಡವ್ವಾ, ನಾನದೀನಿ" ಎಂದೆ. ಆ ಮಾತನ್ನು ಈಗ ನೆನೆದರೆ ಬಾಯಿ ಕಹಿಯಾಗುತ್ತದೆ.

ಈ ಪರೀಕ್ಷೆ ಪದ ಗೊತ್ತೇ, ವಾಕ್ಯ ಬರುತ್ತದೆಯೇ ಎಂದು ನೋಡುವುದಲ್ಲ. ಮಾತನ್ನು ಜನರ ನಡುವೆ ಹೇಗೆ ಬಳಸುತ್ತಾಳೆ ಎಂದು ನೋಡುವುದು. ಮಾತು ಶುರು ಮಾಡುವುದು, ಸರದಿ ಬಿಟ್ಟುಕೊಡುವುದು, ಕೇಳುವವನಿಗೆ ಏನು ಗೊತ್ತು ಏನು ಗೊತ್ತಿಲ್ಲ ಎಂದು ಅಂದಾಜು ಮಾಡುವುದು, ಸುತ್ತುಬಳಸಿ ಹೇಳಿದ್ದನ್ನು ಹಿಡಿಯುವುದು, ಅರ್ಥವಾಗದಿದ್ದರೆ ತಿರುಗಿ ಕೇಳುವುದು. ಮೇಡಂ ಹತ್ತಿರ ಇವೆಲ್ಲದರ ಪಟ್ಟಿ ಇತ್ತು. ಒಂದೊಂದಕ್ಕೂ ಸೊನ್ನೆ, ಒಂದು ಇಲ್ಲವೇ ಎರಡು ಅಂಕ. ತಾಯಿ ಒಳಗಿದ್ದರೆ ಸನ್ನೆ ಮಾಡುತ್ತಾಳೆ ಎಂದು ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ತಾಯಿಯ ಒಪ್ಪಿಗೆ ಪಡೆದು, ಮಾತನ್ನೆಲ್ಲ ರೆಕಾರ್ಡ್ ಮಾಡಲು ಮೇಜಿನ ಮೇಲೆ ಫೋನು ಇಟ್ಟರು.

ಮೊದಲು ನಾಲ್ಕು ಚಿತ್ರ ತೋರಿಸಿ ಕಥೆ ಹೇಳು ಎಂದರು. ಹುಡುಗಿ ಹೇಳಿದಳು, ನಾನು ತೆಲುಗು ಮಾಡಿದೆ. ಆಮೇಲೆ, "ಗೆಳತಿ ಹೊಸ ಲಂಗ ಹಾಕಿಕೊಂಡು ಬಂದು ಹೇಗಿದೆ ಎಂದು ಕೇಳಿದರೆ, ನಿನಗೆ ಅದು ಹಿಡಿಸದಿದ್ದರೆ, ಏನನ್ನುತ್ತೀ?" ಹುಡುಗಿ ಹೇಳಿದಳು, ನಾನು ತೆಲುಗು ಮಾಡಿದೆ. ನಡುವೆ ಮೇಡಂ ಹಣೆ ಒರೆಸಿಕೊಳ್ಳುತ್ತ, ಹುಡುಗಿಯ ಪಕ್ಕದ ಗೋಡೆಯಲ್ಲಿದ್ದ ಫ್ಯಾನಿನ ಸ್ವಿಚ್ಚು ನೋಡಿ "ಅಬ್ಬಾ, ಏನು ಸೆಕೆ!" ಎಂದರು. ಅದೂ ಪರೀಕ್ಷೆಯೇ. ಹುಡುಗಿ ಎದ್ದು ಫ್ಯಾನು ಹಾಕಿದಳು. ಹೀಗೆ ಒಂದೂವರೆ ತಾಸು ನಡೆಯಿತು. ನನ್ನ ನಾಲಿಗೆ ಮಾರುಕಟ್ಟೆಯ ಹಳೆಯ ದಿನಗಳ ಹಾಗೆ ಓಡಿತು.

ಕೊನೆಗೆ ಮೇಡಂ ಅಂಕ ಕೂಡಿಸಿ, ಕನ್ನಡಕ ತೆಗೆದು ಹೇಳಿದರು: "ಅಣ್ಣಾ, ಈ ವಯಸ್ಸಿಗೆ ಎಷ್ಟಿರಬೇಕೋ ಅಷ್ಟೇ ಇದೆ. ತೊಂದರೆ ಇದೆ ಎಂದು ನಾನು ಬರೆಯಲಾರೆ."

ಹೊರಗೆ ಬಂದು ಹೇಳಿದೆ. ತಾಯಿ ಅಳಲಿಲ್ಲ. ಸೆರಗಿನ ಎಳೆ ಕೀಳುತ್ತ ಕುಳಿತಳು. ಆಮೇಲೆ ಹೇಳಿದಳು: "ಯಣ್ಣಾ, ತೊಂದರಿ ಇಲ್ಲಂದ್ರ ಪೊಗರೇ ಅಂತ ಆತಲ್ಲ."

ನನಗೆ ತಲೆ ಕೆಟ್ಟುಹೋಯಿತು. ಮೇಡಂ ಮೇಲೆ ಸಿಟ್ಟು ಬಂತು. ಕರ್ನೂಲಿನಲ್ಲಿ ಕುಳಿತು ಪಟ್ಟಿ ಮಾಡಿದವರಿಗೆ ನಮ್ಮ ಹಳ್ಳಿಯ ಮಕ್ಕಳ ಕಷ್ಟ ಎಲ್ಲಿ ಗೊತ್ತಾಗುತ್ತದೆ ಎಂದು ಕೇಂದ್ರದ ಟೀಚರ ಮುಂದೆ ಎಗರಾಡಿದೆ. ಆ ಟೀಚರಿಗೂ ತೆಲುಗೇ. "ಅಷ್ಟು ಅನುಮಾನ ಇದ್ದರೆ ರೆಕಾರ್ಡಿಂಗ್ ಕೇಂದ್ರದ ಕಂಪ್ಯೂಟರಿನಲ್ಲೇ ಇದೆ. ಮೇಡಂ ಅನುಮತಿ ಪಡೆದು ಕೇಳಿಸಿಕೊಳ್ಳಿ" ಎಂದರು. ಮೇಡಂ ಫೋನಿನಲ್ಲೇ ಒಪ್ಪಿದರು. ಅವರ ಪರೀಕ್ಷೆಯ ತಪ್ಪು ಹಿಡಿಯಬೇಕೆಂದು, ಒಂದು ನೂರು ಪುಟದ ನೋಟ್‌ಬುಕ್ಕು ಕೊಂಡು, ಪುಟದ ನಡುವೆ ಗೆರೆ ಎಳೆದೆ. ಎಡಕ್ಕೆ ಹುಡುಗಿ ಹೇಳಿದ್ದು, ಬಲಕ್ಕೆ ನಾನು ಹೇಳಿದ್ದು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕುಳಿತೆ.

ಚಿತ್ರದ ಕಥೆ. ಎಡಕ್ಕೆ ಬರೆದೆ: "ಕಸ್ಕಂಡು ಹೋತು. ಆಕಿ ಕುಂತ್ಲು. ಕೊಟ್ರು." ಅಷ್ಟೇ. ಬಲಕ್ಕೆ: "ಒಬ್ಬ ಹೆಂಗಸು ಹೊಲಕ್ಕೆ ಬುತ್ತಿ ತರುವಾಗ ನಾಯಿಯೊಂದು ಅದನ್ನು ಕಸಿದುಕೊಂಡು ಹೋಯಿತು. ಅವಳು ಬೇಸರದಿಂದ ಕುಳಿತಳು. ಆಗ ಪಕ್ಕದ ಹೊಲದವರು ತಮ್ಮ ಬುತ್ತಿಯಲ್ಲಿ ಪಾಲು ಕೊಟ್ಟರು." ನಾಯಿ ಎಲ್ಲಿಂದ ಬಂತು? ಹುಡುಗಿ ನಾಯಿ ಅಂದಿರಲಿಲ್ಲ. ಚಿತ್ರದಲ್ಲಿತ್ತು, ನಾನು ನೋಡಿ ಸೇರಿಸಿದ್ದೆ.

ಲಂಗದ ಪ್ರಶ್ನೆ. ಎಡಕ್ಕೆ: "ಛಲೋ ಇಲ್ಲ ಅಂತೀನಿ. ಕಿಟಕಿ ಪರದಿ ಸುತ್ತಿಕೊಂಡಂಗ ಕಾಣ್ತಿ ಅಂತೀನಿ." ಬಲಕ್ಕೆ: "ಬೇರೆ ಬಣ್ಣ ನಿನಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ ಎನ್ನುತ್ತಾಳೆ."

ಸೆಕೆ. ರೆಕಾರ್ಡಿಂಗಿನಲ್ಲಿ ಹುಡುಗಿ "ಹೂಂ, ಸೆಕಿ" ಎಂದು ಸುಮ್ಮನಾಗುತ್ತಾಳೆ. ಆಮೇಲೆ ನನ್ನ ಕುರ್ಚಿ ಕಿರ್ರೆಂದ ಸದ್ದು. ಆಗ ನಾನು ಗದ್ದ ಎತ್ತಿ ಸ್ವಿಚ್ಚು ತೋರಿಸಿದ್ದು ನೆನಪಾಯಿತು.

ಅದಕ್ಕಿಂತ ಕೆಟ್ಟದ್ದು ಮುಂದೆ ಇತ್ತು. ಹುಡುಗಿಗೆ ಶಾಲೆಯ ತೆಲುಗು ಚೆನ್ನಾಗಿ ತಿಳಿಯುತ್ತದೆ. ನಾನು ತೆಲುಗಿನಲ್ಲಿ ಹೇಳಿದ್ದನ್ನೆಲ್ಲ ಅವಳು ಕೇಳಿಸಿಕೊಳ್ಳುತ್ತಿದ್ದಳು. ಲಂಗದ ಮಾತಾದ ಕೂಡಲೇ ಅವಳ ದನಿ ಸ್ಪಷ್ಟವಾಗಿ ಬಂತು: "ಮಾಮಾ, ನಾ ಹಂಗ ಅನ್ನಲಿಲ್ಲ." ನಾನು ನಕ್ಕಿದ್ದೇನೆ. ಮೇಡಂ ಏನಂದಳು ಎಂದು ಕೇಳಿದ್ದಾರೆ. "ಏನಿಲ್ಲ ಮೇಡಂ, ನಾಚಿಕೊಳ್ಳುತ್ತಿದ್ದಾಳೆ" ಎಂದಿದ್ದೇನೆ. ಇನ್ನೂ ಎರಡು ಕಡೆ ಅದೇ ಮಾತು. ಮೂರನೇ ಸಲ ಅವಳ ದನಿ ಸಣ್ಣಗಾಗಿತ್ತು. ನಾಲ್ಕನೇ ಸಲ ಅವಳು ಹೇಳಲೇ ಇಲ್ಲ.

ಹೆಡ್‌ಫೋನು ತೆಗೆದಿಟ್ಟೆ. ಊಟದ ಡಬ್ಬಿ ಬಿಚ್ಚಿರಲಿಲ್ಲ, ಬಿಚ್ಚಬೇಕೆನಿಸಲೂ ಇಲ್ಲ.

ಆ ನೋಟ್‌ಬುಕ್ಕು ಮೂರು ದಿನ ನನ್ನ ಚೀಲದಲ್ಲೇ ಇತ್ತು. ಹರಿದು ಹಾಕಬಹುದಿತ್ತು. ಕನ್ನಡ ತಿಳಿದವರು ಆ ಕೇಂದ್ರದಲ್ಲಿ ನಾನೊಬ್ಬನೇ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಲೆಕ್ಕ ಇವಳೊಬ್ಬಳದೂ ಅಲ್ಲ. ಅದಕ್ಕೂ ಮೊದಲು ಐದು ಮಕ್ಕಳಿಗೆ ನಾನು ಹೀಗೆಯೇ ಮಾತು ಹೊತ್ತಿದ್ದೆ. ಆ ಕಾಗದಗಳೆಲ್ಲ ಕಪಾಟಿನಲ್ಲಿ ಸಹಿಯಾಗಿ ಕುಳಿತಿದ್ದವು. ಒಂದನ್ನು ಹೇಳಿದರೆ ಆರನ್ನೂ ಹೇಳಬೇಕು. ಏಳನೇ ತರಗತಿ ಬಿಟ್ಟವನನ್ನು ಮೇಜಿನ ಪಕ್ಕ ಕೂರಿಸಿದ್ದೇ ತಪ್ಪು ಎನ್ನುತ್ತಾರೆ. ಆ ಮಾತಿಗೆ ನಾನು ಬಹಳ ಹೆದರಿದ್ದೆ.

ಆದರೆ "ಪೊಗರೇ ಅಂತ ಆತಲ್ಲ" ಎಂದ ತಾಯಿಯ ದನಿ ಬಿಡಲಿಲ್ಲ. ಮುಂದಿನ ಶನಿವಾರ ಮೇಡಂ ಬಂದು ಚೀಲ ಇಡುವ ಮೊದಲೇ ನೋಟ್‌ಬುಕ್ಕು ಮುಂದಿಟ್ಟೆ. ಒಂದೊಂದು ಸಾಲನ್ನೂ ತೆಲುಗಿನಲ್ಲಿ ಓದಿ ಹೇಳಿದೆ, ಎಡದ್ದು, ಬಲದ್ದು. 

ಮೇಡಂ ನೋಟ್‌ಬುಕ್ಕನ್ನು ತಮ್ಮ ಕಡೆ ತಿರುಗಿಸಿಕೊಂಡು ಬಲದ ಸಾಲುಗಳನ್ನು ಬೆರಳಿನಿಂದ ಎಣಿಸಿದರು. ಬೈದಿದ್ದರೆ ಹಗುರವಾಗುತ್ತಿತ್ತು. ಕೊನೆಗೆ, "ಅವಳು ಮೂರು ಮಾತು ಆಡಿದರೆ ನೀವು ಮೂವತ್ತು ಆಡುತ್ತಿದ್ದಿರಿ. ನನಗೇ ಅನುಮಾನ ಬರಬೇಕಿತ್ತು. ಬರಲಿಲ್ಲ" ಎಂದರು. ಕಪಾಟಿನಿಂದ ಆರೂ ಕಾಗದ ತೆಗೆದು, ಮೇಲೆ ಅಡ್ಡಗೆರೆ ಎಳೆದು, ಕಾರಣ ಬರೆದು ಸಹಿ ಮಾಡಿದರು. ಕಾರಣದಲ್ಲಿ ನನ್ನ ಹೆಸರಿನ ಜೊತೆ ತಮ್ಮದನ್ನೂ ಬರೆದರು.

ತೊಂದರೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಪ್ರಶ್ನೆಗಳನ್ನು ಅದೇ ಹುಡುಗಿಗೆ ಇಷ್ಟು ಬೇಗ ಮತ್ತೆ ಕೇಳುವ ಹಾಗಿಲ್ಲ. ಮೊದಲ ಸಲದ ನೆನಪಿನಿಂದಲೇ ಹೇಳಿಬಿಡುತ್ತಾಳೆ. ಬೇರೆ ದಾರಿ ಹಿಡಿಯಬೇಕಿತ್ತು. ದಸರಾ ರಜೆಗೆ ಉಳಿದಿದ್ದವು ಎರಡೇ ಶನಿವಾರ. ಶಾಲೆಯಲ್ಲಿ ಅವಳು ಹೇಗಿರುತ್ತಾಳೆಂದು ಹೆಡ್‌ಮಾಸ್ಟರು ತುಂಬಲು ಮೇಡಂ ಒಂದು ಪಟ್ಟಿ ಕೊಟ್ಟರು. ನಾನೇ ಬಸ್ಸು ಹತ್ತಿ ಹೋಗಿ ಕೊಟ್ಟು ಬಂದೆ. ಎರಡು ದಿನ ಬಿಟ್ಟು ತರಲು ಹೋದರೆ, ಇಪ್ಪತ್ತೂ ಸಾಲಿನ ಎದುರಿಗೆ ಒಂದೇ ಮಾತು: ಪೊಗರು. "ಮಾತಿನ ಸರದಿ ಕಾಯುತ್ತಾಳೆಯೇ?" ಪೊಗರು. "ಹಾಸ್ಯ ಅರ್ಥವಾಗುತ್ತದೆಯೇ?" ಪೊಗರು. ಮತ್ತೆ ಹೊಸ ಪಟ್ಟಿ, ಮತ್ತೆ ಬಸ್ಸು. ಈ ಸಲ ಅವಳ ಗಣಿತದ ಟೀಚರಿಗೆ ಕೊಟ್ಟೆ. ಅವರು ನೆಟ್ಟಗೆ ತುಂಬಿದರು.

ಅದರ ಜೊತೆಗೆ ಮೇಡಂ ನನಗೆ ಕೊಟ್ಟ ತರಬೇತಿ. ಮಗು ಯಾರ, ಯಾವುದರ ಹೆಸರು ಬಿಟ್ಟರೂ ನೀವೂ ಬಿಡಿ. ಒರಟಾಗಿ ಅಂದರೆ ಒರಟಾಗೇ ಅನ್ನಿ. ಮಗು ಸುಮ್ಮನಿದ್ದರೆ ಹತ್ತು ಸೆಕೆಂಡು ಎಣಿಸಿ, ಅಲ್ಲಿಯವರೆಗೆ ತುಟಿ, ಹುಬ್ಬು, ಗದ್ದ ಯಾವುದೂ ಅಲ್ಲಾಡಬಾರದು. ಮನೆಯಲ್ಲಿ ಹೆಂಡತಿ ಆಡಿದ್ದನ್ನು ಇದ್ದ ಹಾಗೇ ತೆಲುಗು ಮಾಡಿ ಅಭ್ಯಾಸ ಮಾಡಿದೆ.

"ಏನ್ರಿ, ನಾ ಅಂದಿದ್ದನ್ನೇ ತಿರುಗಿ ಅಂತೀರಲ್ಲ, ಗಿಳಿ ಸಾಕೀನೇನು ನಾ?"

ಅದನ್ನೂ ತೆಲುಗು ಮಾಡಿದೆ.

"ಗಿಳಿಯಾದ್ರ ಮೆಣಸಿನಕಾಯಿ ತಿಂದು ಸುಮ್ನಾದ್ರೂ ಇರ್ತೈತಿ" ಎಂದು ಒಳಗೆ ಹೋದಳು.

ಮೊದಲ ಶನಿವಾರ ನೀರಿನಲ್ಲಿ ಹೋಮವಾಯಿತು. ಮೇಡಂ ಒಂದು ಆಟ ಇಟ್ಟಿದ್ದರು. ಮೇಜಿನ ನಡುವೆ ಅಡ್ಡವಾಗಿ ಒಂದು ದೊಡ್ಡ ರಟ್ಟು. ಆ ಕಡೆ ಹುಡುಗಿ, ಈ ಕಡೆ ನಾನು. ಇಬ್ಬರ ಹತ್ತಿರವೂ ಅವೇ ವಸ್ತುಗಳು: ಚಹಾ ಕುಡಿಯುವ ಕೆಂಪು ಕಪ್ಪು ಒಂದು, ನೀಲಿ ಕಪ್ಪು ಒಂದು, ಚಮಚ, ಬೀಗ, ಬೆಂಕಿಪೆಟ್ಟಿಗೆ. ಹುಡುಗಿ ತನ್ನವನ್ನು ಹೇಗೆ ಜೋಡಿಸಿದ್ದಾಳೋ ಅದನ್ನು ಬಾಯಲ್ಲೇ ಹೇಳಬೇಕು, ನಾನು ಹಾಗೆ ಜೋಡಿಸಬೇಕು. ಅವಳು "ಅದನ್ನ ಅದರಾಗ ಇಡು" ಎಂದಳು. ನಾನು ಕೆಂಪು ಕಪ್ಪನ್ನು ಎತ್ತಿ ಹಿಡಿದು ರಟ್ಟಿನ ಮೇಲಿಂದ ಅವಳ ಮುಖ ನೋಡಿದೆ. ಅವಳು ತಲೆ ಅಲ್ಲಾಡಿಸಿದಳು. ನೀಲಿಯದನ್ನು ಎತ್ತಿದೆ. ಹೂಂ ಎಂದಳು. ಅಂದಾಜಿನ ಮೇಲೆ ಎಲ್ಲವನ್ನೂ ಸರಿಯಾಗಿ ಜೋಡಿಸಿಬಿಟ್ಟೆ.

"ಅಣ್ಣಾ," ಎಂದರು ಮೇಡಂ, "ಇದು ನಿಮ್ಮ ಪರೀಕ್ಷೆಯಲ್ಲ. ನೀವು ಪಾಸಾಗಬೇಡಿ."

ಆ ಹೊತ್ತಿಗೆ ಕರೆಂಟೂ ಹೋಯಿತು, ಹುಡುಗಿಯೂ ಸಾಕಾಗಿ ಹೊರಗೆ ಹೋಗಿ ತಾಯಿಯ ಪಕ್ಕ ಕುಳಿತಳು. ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ, ರಟ್ಟನ್ನು ಎರಡು ತುಂಡು ಮಾಡಿ ಎಸೆಯಬೇಕೆನಿಸಿತು. ಇಪ್ಪತ್ತು ವರ್ಷ ಎದುರಿನವನ ಮುಖ ಓದಿ ಬದುಕಿದವನಿಗೆ, ಮುಖ ಓದಬೇಡ ಎಂದರೆ ಹೇಗೆ? ತಾಯಿ ಹೋಗುವಾಗ, "ಇನ್ನೊಂದ ಶನಿವಾರ ಐತಿ ಯಣ್ಣಾ" ಎಂದಷ್ಟೇ ಹೇಳಿದಳು.

ಕೊನೆಯ ಶನಿವಾರ ನಾನೇ ಇನ್ನೊಂದು ಮೇಜು ತಂದು ಗೋಡೆಗೆ ಹಚ್ಚಿ, ನನ್ನ ವಸ್ತುಗಳನ್ನು ಅದರ ಮೇಲಿಟ್ಟೆ. ರಟ್ಟು ಬೇಡ ಎಂದೆ. ಹುಡುಗಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕುಳಿತೆ. ಹುಡುಗಿಯ ಜೊತೆ ಆಡಲು ನನಗೆ ಅಪ್ಪಣೆ ಇದ್ದದ್ದು ಒಂದೇ ಮಾತು.

"ಅದನ್ನ ಅಲ್ಲಿಡು," ಹುಡುಗಿ ಅಂದಳು.

"ತಿಳೀಲಿಲ್ಲ."

"ಅದನ್ನ! ಅಲ್ಲಿ!"

"ತಿಳೀಲಿಲ್ಲ."

ಹತ್ತು ಸೆಕೆಂಡು. ನನ್ನ ಕೈ ಚಮಚದ ಕಡೆ ತಾನಾಗಿ ಹೋಗುತ್ತಿತ್ತು. ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ.

"ನಿನಗ ಕಣ್ಣಿಲ್ಲೇನು ಮಾಮಾ? ಇಲ್ಲೇ ಐತಲ್ಲ!"

"ತಿಳೀಲಿಲ್ಲ."

"ಹೋದ ಸಲ ಎಲ್ಲಾ ತಿಳಿದಿತ್ತು. ನನ್ನ ಮಾತೂ ನೀನೇ ಆಡಿದ್ದಿ. ಈಗೇನಾಗೇತಿ ನಿನಗ?"

ಅದನ್ನೂ ಇದ್ದ ಹಾಗೇ, ಒಂದಕ್ಷರ ಬಿಡದೆ, ಗೋಡೆ ನೋಡುತ್ತ ಮೇಡಂಗೆ ತೆಲುಗಿನಲ್ಲಿ ಹೇಳಿದೆ. ಹುಡುಗಿ ಕೇಳಿಸಿಕೊಂಡು, "ಹೂಂ, ಹಂಗ ಅಂದೆ" ಎಂದಳು.

ಮೇಡಂ ಬರೆದುಕೊಂಡರು. ನನಗೆ ಕಾಣುವುದಿಲ್ಲ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಅಧಿಕಾರಿಗಳ ಮುಂದೆ ಯಾವುದು ಹೇಳುವಂಥದ್ದು, ಯಾವುದಲ್ಲ ಎಂಬುದು ಹೊಳೆಯದಿದ್ದದ್ದೂ ಇದರ ನೆಂಟನೇ ಎಂದು ಮೇಡಂ ಆಮೇಲೆ ವಿವರಿಸಿದರು. ಆದರೆ ಬೇರೆಯವರು ತನ್ನ ಮಾತನ್ನು ತಪ್ಪಾಗಿ ಹೇಳಿದರೆ ತಿದ್ದುವುದು ಅವಳಿಗೆ ಬರುತ್ತದೆ. ಮೊದಲ ಸಲದ "ನಾ ಹಂಗ ಅನ್ನಲಿಲ್ಲ" ಎಂಬ ಮಾತನ್ನೂ ನನ್ನ ನೋಟ್‌ಬುಕ್ಕಿನಿಂದ ತೆಗೆದು ಸೇರಿಸಿ, ಆ ಒಂದಕ್ಕೆ ಪೂರ್ತಿ ಎರಡು ಅಂಕ ಕೊಟ್ಟರು.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಸಹಾಯ ಕೊಟ್ಟರೆ ಕಲಿಯುತ್ತಾಳೆಯೇ ಎಂದೂ ನೋಡಬೇಕಂತೆ. ಹುಡುಗಿಯ ಕೈ ಹಿಡಿದು ನನ್ನ ಕಡೆಗೆ ಕರೆತಂದು, ನನ್ನ ಪಕ್ಕ, ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಅವಳು ಗೋಡೆ ನೋಡಿದಳು. ತಿರುಗಿ ತನ್ನ ಮೇಜು ನೋಡಿದಳು. ಮತ್ತೆ ಗೋಡೆ ನೋಡಿದಳು.

"ಓ. ಇಲ್ಲಿಂದ ಏನೂ ಕಾಣಂಗಿಲ್ಲ."

ವಾಪಸು ಹೋಗಿ ಕುಳಿತಳು. ಹತ್ತು ಸೆಕೆಂಡಿಗಿಂತ ಹೆಚ್ಚೇ ಆಯಿತು. ನಾನು ಎಣಿಸುವುದನ್ನು ಬಿಡಲಿಲ್ಲ. ಹದಿನೇಳಕ್ಕೆ ಬಂದಾಗ:

"ಮಾಮಾ, ಚಮಚ ತಗೋ. ಕೆಂಪು ಕಪ್ಪಿನಾಗ ಇಡು. ನೀಲೀದ್ರಾಗ ಅಲ್ಲ."

ಚಮಚ ಕಪ್ಪಿಗೆ ಬಿದ್ದ ಸದ್ದು ಜೋರಾಗಿಯೇ ಕೇಳಿತು. 

ರಜೆಗೆ ಒಂದು ದಿನ ಮೊದಲು ಕಾಗದ ಬಂತು. ತಾಯಿ, ಮಗಳು, ನಾನು ಮೂವರೂ ಹೆಡ್‌ಮಾಸ್ಟರ ಕೋಣೆಗೆ ಹೋದೆವು. ಅವರು ನಿಧಾನಕ್ಕೆ, ಗಟ್ಟಿಯಾಗಿ ಓದಿದರು. ಹುಡುಗಿಗೆ ಮಾತಿನ ಶಕ್ತಿ ಇದೆ, ಎದುರಿನವರಿಗೆ ಏನು ತಿಳಿದಿದೆ ಎಂದು ಊಹಿಸುವಲ್ಲಿ ತೊಂದರೆ ಇದೆ, ಅದು ಪೊಗರಲ್ಲ, ಬಿಡಿಸಿ ತೋರಿಸಿದರೆ ಕಲಿಯುತ್ತಾಳೆ, ತಪ್ಪು ಮಾತು ಆಡಿದಾಗ ಶಿಕ್ಷೆಯ ಬದಲು ಒಂಟಿಯಾಗಿ ಕರೆದು ವಿವರಿಸಿ, ವಾರಕ್ಕೊಮ್ಮೆ ಕೇಂದ್ರಕ್ಕೆ ಕಳಿಸಿ ಎಂದು ಅದರಲ್ಲಿತ್ತು.

"ಅಂದ್ರ ಇದು ಪೊಗರಲ್ಲಾ?" ಎಂದರು.

"ಮೂರನೇ ಸಾಲಿನಾಗೇ ಐತಿ ಸಾರ್, ನೀವು ಬಿಟ್ಟು ಓದಿದ್ರಿ" ಎಂದಳು ಹುಡುಗಿ.

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನ್ನ ನಾಲಿಗೆ ತುದಿಗೆ ಒಂದು ಮೆತ್ತನೆಯ ಮಾತು ಬಂದು ನಿಂತಿತ್ತು. ನುಂಗಿದೆ. ಹೆಡ್‌ಮಾಸ್ಟರು ಮೂರನೇ ಸಾಲು ಮತ್ತೆ ಓದಿದರು. ಆಮೇಲೆ ಕಾಗದ ಮಡಿಸಿ ಮೇಜಿನ ಒಳಗಿಟ್ಟು, "ರಜೆ ಆದ ಮ್ಯಾಲೆ ಬರಲಿ" ಎಂದರು. ಅವರ ಮುಖ ಸಿಂಡರಿಸಿಯೇ ಇತ್ತು, ಆದರೆ ಬರಲಿ ಎಂದರು.

ಉಳಿದ ಐವರ ಕೆಲಸ ಇಷ್ಟು ಬೇಗ ಆಗಲಿಲ್ಲ. ಇಬ್ಬರನ್ನು ತಿರುಗಿ ಕರೆಸಿ ನೋಡಿದ್ದಾಯಿತು. ಒಬ್ಬಳ ಮನೆಯವರು, ಒಮ್ಮೆ ಏನೂ ಇಲ್ಲ ಅಂದಮೇಲೆ ಮತ್ಯಾಕೆ ಎಂದು ಬಾಗಿಲಲ್ಲೇ ಮಾತು ಮುಗಿಸಿದರು. ಇನ್ನೊಬ್ಬನದು ಮೂರು ಸಲ ದಿನ ಕೊಟ್ಟು ಮೂರು ಸಲವೂ ತಪ್ಪಿದೆ. ಐದನೆಯವನ ಮನೆಗೆ ನಂದವರಂ ಕಡೆಗೆ ಹೋದರೆ ಬೀಗ. ಮನೆಮಂದಿಯೆಲ್ಲ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋಗಿದ್ದಾರೆ. ಅವನ ಹಳೆಯ ಕಾಗದದ ಒಂದು ಪ್ರತಿ ಅವರ ಹತ್ತಿರವೇ ಇದೆ, ಏನೂ ತೊಂದರೆ ಇಲ್ಲ ಎಂದು ನನ್ನ ಮಾತಿನ ಮೇಲೆ ಬರೆದದ್ದು.

ಈಗ ನನ್ನ ಹತ್ತಿರ ಇರುವುದು: ನಡುವೆ ಗೆರೆ ಎಳೆದ ನೋಟ್‌ಬುಕ್ಕು ನಾಲ್ಕು. ಸೆಕೆಂಡಿನ ಮುಳ್ಳಿರುವ ಕೈಗಡಿಯಾರ ಒಂದು. ಕೆಂಪು ಕಪ್ಪು ಒಂದು, ನೀಲಿ ಕಪ್ಪು ಒಂದು. ತಿದ್ದಿದ ಕಾಗದ ಮೂರು. ತಿದ್ದಬೇಕಾದ್ದು ಮೂರು.